ಎರೆಹುಳುವಿಗೆ ಶೆಲ್ಲು ತಿನ್ನಿಸಬೇಡಿ

ಸಂತೆ ಮುಗಿದ ಮಾರನೇ ಬೆಳಗ್ಗೆ ನಗರಸಭೆ ಟ್ರ್ಯಾಕ್ಟರು ಎತ್ತಿಕೊಂಡು ಹೋಗುವ ರಾಶಿಯನ್ನು ಬಸ್ಸಿಗೆ ಕಾಯುವವರು ಮೂಗು ಮುಚ್ಚಿಕೊಂಡು ನೋಡಿಯೇ ಇರುತ್ತಾರೆ. ಕೊಳೆತ ಟೊಮ್ಯಾಟೊ, ಬಾಳೆ ಎಲೆ, ಬಾಡಿದ ಹೂವು. ಒಳ್ಳೆ ಗೊಬ್ಬರ ಆಗುವ ಮಾಲು. ಅದರ ನಡುವೆಯೇ ಗುಟ್ಕಾ ಚೀಟಿ, ಒಡೆದ ಟ್ಯೂಬ್‌ಲೈಟು, ಕ್ಷೌರದ ಬ್ಲೇಡು, ಮುಗಿದುಹೋದ ಬ್ಯಾಟರಿ ಶೆಲ್ಲು. ಕೇಳಿದರೆ ‘ಎರೆಹುಳು ಬಿಟ್ಟರೆ ಎಲ್ಲಾ ಗೊಬ್ಬರ ಆಗುತ್ತೆ ಬಿಡಿ’ ಎಂಬ ಉತ್ತರ.

ಎಲ್ಲಾ ಆಗೋದಿಲ್ಲ ಸ್ವಾಮಿ.

ಕೊಳೆಯುವ ಕೊಳಕಿಗೇನೋ ಮದ್ದಿದೆ. ಹಸಿ ಕಸ ಒಟ್ಟಿ, ಹದವಾಗಿ ನೀರು ಚಿಮುಕಿಸಿ, ಆಗಾಗ ಮಗುಚಿದರೆ ಒಳಗೆ ತಾನಾಗಿಯೇ ಕಾವು ಏರುತ್ತದೆ. 55 ಡಿಗ್ರಿಗೂ ಮೇಲೆ ಮೂರ್ನಾಲ್ಕು ದಿನ ನಿಂತರೆ ರೋಗಾಣು, ಕಳೆ ಬೀಜ ಬಹುಪಾಲು ಸಾಯುತ್ತವೆ. ಆ ಕಾವಿಗೆ ಎರೆಹುಳುವೂ ಸಾಯುತ್ತದೆ. 35 ಡಿಗ್ರಿ ದಾಟಿದರೇ ಅದಕ್ಕೆ ಕಷ್ಟ. ಹಾಗಾಗಿ ಮೊದಲು ಕಾವು, ತಣಿದ ಮೇಲೆ ಹುಳು. ಅವಸರಪಟ್ಟು ಬಿಸಿ ರಾಶಿಗೇ ಹುಳು ಸುರಿದರೆ ಹುಳುವಿನ ದುಡ್ಡೂ ದಂಡ.

ಆದರೆ ಕೆಲವು ಶೆಲ್ಲುಗಳ ಕ್ಯಾಡ್ಮಿಯಂ, ಹಳೇ ಬಣ್ಣದ ಸೀಸ ಕಾವಿಗೂ ಜಗ್ಗೋದಿಲ್ಲ, ಹುಳುವಿಗೂ ಜಗ್ಗೋದಿಲ್ಲ. ಹುಳು ಒಂದಿಷ್ಟು ಕ್ಯಾಡ್ಮಿಯಂ ಮೈಗೆ ಎಳೆದುಕೊಳ್ಳುವುದು ನಿಜ. ಅದು ಅಲ್ಲೇ ಸತ್ತರೆ ಎಲ್ಲವೂ ಗೊಬ್ಬರಕ್ಕೇ ವಾಪಸು. ವರ್ತಕರಿಗೆ ಬೇಗ ತಿಳಿಯುವ ಲೆಕ್ಕ ಇನ್ನೊಂದಿದೆ. 100 ಕಿಲೋ ರಾಶಿ ಕೊಳೆತು 50 ಕಿಲೋ ಆದರೆ ಅದರಲ್ಲಿನ ಸೀಸ ಅರ್ಧ ಆಗೋದಿಲ್ಲ, ಕಿಲೋ ಲೆಕ್ಕದಲ್ಲಿ ಎರಡರಷ್ಟಾಗುತ್ತದೆ! ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮ ಕಾಂಪೋಸ್ಟಿಗೆ ಇಟ್ಟ ಮಿತಿ ಕಿಲೋಗೆ 100 ಮಿಲಿಗ್ರಾಂ ಸೀಸ, ಕ್ಯಾಡ್ಮಿಯಂ ಬರೀ 5 ಮಿಲಿಗ್ರಾಂ. ಹಸಿ ಕಸ, ಒಣ ಕಸ, ಅಪಾಯದ ಕಸ ಬೇರೆ ಬೇರೆ ಕೊಡಬೇಕೆಂದೂ ಅದೇ ನಿಯಮ ಹೇಳಿತ್ತು. ಓದಿದವರು ಎಷ್ಟು ಜನವೋ.

ಗಾಜಿನ ಮಾತು ಇನ್ನೂ ಸರಳ. ಜರಡಿ ಹಿಡಿದರೆ ದೊಡ್ಡ ಚೂರು ನಿಲ್ಲುತ್ತದೆ, ಸಣ್ಣದು ಗೊಬ್ಬರದ ಜೊತೆ ಗದ್ದೆಗೆ ಹೋಗುತ್ತದೆ. ಅಲ್ಲಿ ನಾಟಿ ಮಾಡುವವರು ಇಳಿಯುವುದು ಬರಿಗಾಲಲ್ಲಿ. ಒಮ್ಮೆ ಕಾಲು ಕೊಯ್ದುಕೊಂಡ ರೈತ ಪುಕ್ಕಟೆ ಕೊಟ್ಟರೂ ಪೇಟೆ ಗೊಬ್ಬರ ಮುಟ್ಟುತ್ತಾನೆಯೇ?

ಅಂಗಡಿಯವರು ಶೆಲ್ಲು, ಬಲ್ಬು, ಬ್ಲೇಡಿಗೆ ಗಲ್ಲಾ ಪಕ್ಕ ಒಂದು ಹಳೇ ಡಬ್ಬ ಇಟ್ಟರೆ ಕಳಕೊಳ್ಳುವುದೇನಿಲ್ಲ. ನಗರಸಭೆಯವರು ಬೇರೆ ಮಾಡಿ ಕೊಟ್ಟ ಕಸವನ್ನು ಒಂದೇ ಟ್ರ್ಯಾಕ್ಟರಿಗೆ ಸುರಿಯುವುದನ್ನು ಮೊದಲು ನಿಲ್ಲಿಸಲಿ. ಗೊಬ್ಬರ ಮಾರುವ ಮುಂಚೆ ಪರೀಕ್ಷೆಗೆ ಕಳಿಸಿ, ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು ಅಂತ ಕಚೇರಿ ಬೋರ್ಡಿನಲ್ಲಿ ಬರೆಸಲಿ. ಕೊಳ್ಳುವ ರೈತ ಓದಿಕೊಳ್ಳುತ್ತಾನೆ.