ಗೊತ್ತಿದ್ದ ಕಥೆಗೆ ಮೂರನೆಯ ಟಿಕೆಟ್ಟು

ಮೂರನೆಯ ಸಲ ‘ಸದಾರಮೆ’ ನಾಟಕ ನೋಡಲು ಮೊಮ್ಮಗಳನ್ನು ಕಟ್ಟಿಕೊಂಡು ನಾನು ಬೆಂಗಳೂರಿಗೆ ಹೊರಟಾಗ ಮಾಂಬಲದ ನಮ್ಮ ಪಕ್ಕದ ಮನೆ ಮಾಮಿ, “ಅದೇ ಕಥೆ, ಅದೇ ಹಾಡು, ರೈಲಿನ ದುಡ್ಡು ದಂಡವಲ್ಲವೇ?” ಎಂದರು.

“ಮಾರ್ಗಳಿಯಲ್ಲಿ ಸಭೆ ಸಭೆ ಸುತ್ತಿ ತ್ಯಾಗರಾಜರ ಅವೇ ಕೃತಿಗಳನ್ನು ಕೇಳುತ್ತೀರಲ್ಲ! ಹೋದ ವರ್ಷವೇ ಕೇಳಿಯಾಯಿತೆಂದು ಎಂದಾದರೂ ಕ್ಯಾಂಟೀನಿನಲ್ಲೇ ಕುಳಿತುಬಿಟ್ಟದ್ದುಂಟೇ?” ಎಂದೆ.

“ಕುಳಿತದ್ದುಂಟು” ಎಂದರು ಮಾಮಿ. ಆ ಮಾತು ಬೇರೆ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಹೆಸರು ತಂದ ನಾಟಕಗಳಲ್ಲಿ ‘ಸದಾರಮೆ’ಯೂ ಒಂದು. ಅದರ ಕಳ್ಳನೆಂದರೆ ಗುಬ್ಬಿ ವೀರಣ್ಣನವರೇ. ನಮ್ಮಮ್ಮ ಹುಡುಗಿಯಾಗಿದ್ದಾಗ ಅವರನ್ನು ಆ ವೇಷದಲ್ಲಿ ಕಂಡವಳು. ಕಂಪನಿ ಊರಿನಲ್ಲಿ ಬೀಡುಬಿಟ್ಟರೆ ಜನ ಒಂದೇ ನಾಟಕಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದರಂತೆ. ಮುಂದೇನಾಯಿತೆಂದು ತಿಳಿಯಲು ಯಾರೂ ಹೋಗುತ್ತಿರಲಿಲ್ಲ. ಇವತ್ತು ಕಳ್ಳ ಹೊಸದಾಗಿ ಏನು ಸೇರಿಸುತ್ತಾನೆ, ‘ಒನ್ಸ್ ಮೋರ್’ ಕೂಗಿದರೆ ಹಾಡು ಹೇಗೆ ತಿರುಗಿ ಬರುತ್ತದೆ, ಅದನ್ನು ನೋಡಲು.

ನಾನು ಮೊದಲ ಸಲ ನೋಡಿದ್ದು ಅಮ್ಮನ ಜೊತೆಗೇ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಾತನ ಕಳ್ಳನ ಪಾತ್ರವನ್ನೇ ಹಾಕಿದ್ದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಕಳ್ಳನನ್ನು ಬಿಟ್ಟು ಬೇರೇನೂ ನನಗೆ ನೆನಪಿಲ್ಲ. ಒಂದು ನೆನಪಿದೆ: ಪಕ್ಕದಲ್ಲಿ ಅಮ್ಮನ ತುಟಿ ಹಾಡಿಗಿಂತ ಒಂದು ಗಳಿಗೆ ಮುಂಚೆಯೇ ಆಡುತ್ತಿತ್ತು. ನನಗೆ ಸ್ವಲ್ಪ ರೇಗಿತು.

ಎರಡನೆಯ ಸಲ ಕಳ್ಳನ ಚೇಷ್ಟೆ ಗೊತ್ತಿದ್ದುದರಿಂದ ಕಣ್ಣು ಸದಾರಮೆಯ ಕಡೆ ತಿರುಗಿತು. ಅವಳನ್ನು ಹೊತ್ತುತಂದಿದ್ದಾನೆ, ಗಂಡನಿಲ್ಲ, ತನ್ನವರು ಯಾರೂ ಇಲ್ಲ, ಕೈಯಲ್ಲಿರುವುದು ಮಾತೊಂದೇ. ನಾವೆಲ್ಲ ನಗುತ್ತಿರುವಾಗ ಆಕೆ ತಪ್ಪಿಸಿಕೊಳ್ಳುವ ದಾರಿ ಲೆಕ್ಕಹಾಕುತ್ತಿದ್ದಾಳೆ! ಮೊದಲ ಸಲ ನನ್ನ ನಗುವೇ ಅವಳ ಭಯವನ್ನು ಮುಚ್ಚಿಬಿಟ್ಟಿತ್ತು. ಮಾತು ಮುಗಿಯುವ ಮುನ್ನವೇ ಹಾರ್ಮೋನಿಯಂ ಶ್ರುತಿ ಹಿಡಿದು ಹಾಡಿಗೆ ಹಾಸುಗಂಬಳಿ ಹಾಸುವುದೂ ಆಗಲೇ ಕಿವಿಗೆ ಬಿತ್ತು.

ಮೂರನೆಯ ಸಲ ಪಕ್ಕದಲ್ಲಿ ಮೊಮ್ಮಗಳು. ಚೆನ್ನೈಯಲ್ಲೇ ಹುಟ್ಟಿದ ಕೂಸು. ಅವಳ ಕನ್ನಡ ಅಡುಗೆಮನೆಯಿಂದ ಊಟದ ಎಲೆಯವರೆಗೆ ಮಾತ್ರ. ಪ್ರತಿ ಮಾತಿಗೂ “ಅಜ್ಜಿ, ಏನಂದ?” ಎಂದಳು. ಹೇಳಿದೆ. ಹೇಳುವಾಗಲೇ ತಿಳಿಯಿತು, ಅರ್ಧ ನಗು ಮಾತಿನ ವರಸೆಯಲ್ಲಿದೆ, ಅದನ್ನು ಅರ್ಥ ಹೇಳಿ ಕೊಡಲಾಗುವುದಿಲ್ಲ. ಸಭೆಯೆಲ್ಲ ನಕ್ಕು ಮುಗಿಸಿದ ಮೇಲೆ ಇವಳೊಬ್ಬಳ ನಗು. ಹಾಡು ಬಂದಾಗ ನನ್ನ ಕೈ ಹಿಡಿದು ಅಲುಗಿಸಿ, “ಅಜ್ಜಿ, ಬಾಯಿ ಆಡಿಸಬೇಡ, ನನಗೆ ಕೇಳಬೇಕು” ಎಂದಳು.

ಅಮ್ಮ ಈಗಿಲ್ಲ.

ಮರಳುವಾಗ ರೈಲಿನಲ್ಲಿ ಕಾಟ್ಪಾಡಿಯವರೆಗೂ ಹುಡುಗಿ ಅದೇ ಧಾಟಿಯನ್ನು ತಪ್ಪು ಮಾತುಗಳಲ್ಲಿ ಹಾಡಿದಳು. ತಿದ್ದಲಿಲ್ಲ, ಇನ್ನೊಂದು ಸಲ ನೋಡಿದರೆ ತಾನೇ ಸರಿಯಾದೀತು. ಮನೆಗೆ ಬಂದು ಮಾಮಿಗೆ ಕಥೆ ಹೇಳಿದರೆ, “ಅಯ್ಯೋ, ಇದು ನಮ್ಮ ‘ಸದಾರಂ’ ಅಲ್ಲವೇ! 1956ರಲ್ಲಿ ಸಿನಿಮಾ ಬಂದಿತ್ತು, ಜೆಮಿನಿ ಗಣೇಶನ್, ಭಾನುಮತಿ” ಎಂದು ಕುರ್ಚಿ ಎಳೆದುಕೊಂಡರು.

“ನೀವು ಎಷ್ಟು ಸಲ ನೋಡಿದಿರಿ?” ಎಂದೆ.

“ಅದನ್ನೆಲ್ಲ ಯಾರು ಲೆಕ್ಕ ಇಡುತ್ತಾರೆ?” ಎಂದರು ಮಾಮಿ.