ಗಾಡಿಗಿ ಇಟ್ಟಂಗಿ ಆಸರ ಬ್ಯಾಡ

ಅಕ್ಕಗಳಿರಾ, ಅಗರಖೇಡದಾಗ ಈಗ ಬಂಡಿ ಇಲ್ಲದ ಮನಿ ಭಾಳ, ಬೈಕ್ ಇಲ್ಲದ ಮನಿ ಕಡಿಮಿ. ಪಂಕ್ಚರ್ ಆದ್ರ, ಚೈನ್ ಸಡಲಾದ್ರ, ಇಂಡಿಗಿ ಒಯ್ದ್ರ ಒಂದಿನದ ಕೂಲಿ ಹೋಗ್ತದಂತ ಗಂಡಸರು ಅಂಗಳದಾಗನ ಬಿಚ್ಚಾಕ ಕುಂದರ್ತಾರ. ಅದಕ್ಕ ನನ್ನ ತಕರಾರಿಲ್ಲ. ಆದ್ರ ಗಾಡಿಗಿ ಏನು ಆಸರ ಕೊಡ್ತಾರ ಅನ್ನೂದು ನಮಗೂ ಸಂಬಂಧಪಟ್ಟ ಮಾತು. ಆಸರಕ್ಕ ಹೋಗೂದು ನಮ್ಮ ಮಣಿ, ನಮ್ಮ ಬಕೀಟು. ಹಿಡಕೊಂಡು ನಿಂದ್ರೂದು ನಾವು. ಸುತ್ತ ಆಡೂವು ನಮ್ಮ ಕೂಸುಗಳು.

ಸ್ಪ್ಲೆಂಡರ್‌ನಂಥ ಸಣ್ಣ ಗಾಡಿನೂ 110 ಕಿಲೋ ಮ್ಯಾಲ ತೂಗ್ತದ, ಸಿಮೆಂಟಿನ ಎರಡು ಚೀಲಕ್ಕಿಂತ ಹೆಚ್ಚು. ಇಟ್ಟಂಗಿ ಗೋಡ್ಯಾಗ ಭಾರ ಹೊರ್ತದ ಖರೆ, ಅಲ್ಲಿ ಭಾರ ಹರವಿರ್ತದ. ಇಂಜಿನ್ನಿನ ಒಂದು ಮೂಲಿ ಊರಿದ್ರ ಹೇಳದ ಕೇಳದ ಸೀಳ್ತದ. ಬಕೀಟೂ ಹಂಗ. ಕಲ್ಲು ಒಡ್ಯಾಂಗಿಲ್ಲ, ಆದ್ರ ಜಾರ್ತದ. ಕಟಗಿನ ಛಲೋ. ಜಾಲಿ ಕಟಗಿದು ದಪ್ಪನ, ಅಗಲಾದ ತುಂಡು ಇರಬೇಕು.

ಹಿಂದಿನ ಗಾಲಿ ಕೆಲಸಕ್ಕ ಡಬಲ್ ಸ್ಟ್ಯಾಂಡ್ ಹಾಕಿದ್ರ ಸಾಕು, ಗಾಲಿ ತಾನ ಏಳ್ತದ. ಮುಂದಿನ ಗಾಲಿಗಿ ಒಬ್ಬರು ಹಿಂದಿನ ಸೀಟು ಒತ್ತಬೇಕು, ಇನ್ನೊಬ್ಬರು ಇಂಜಿನ್ ಕೆಳಗ ತುಂಡು ಸರಿಸಬೇಕು. ಕೈಲೆ ಅಲ್ಲ, ಕೋಲಿಲೆ. ಮಳಿಗಾಲದಾಗ ನಮ್ಮ ಎರಿ ಮಣ್ಣಿನ್ಯಾಗ ಸ್ಟ್ಯಾಂಡ್ ಇಳೀತದ, ಅದರ ಕೆಳಗ ಹಲಗಿ ಹಾಕ್ರಿ. ಕಾರಿನ ಜಾಕಿ ಸಿಕ್ರ ನಡುವ ಕಟಗಿ ಇಟ್ಟು ಎತ್ತಬಹುದು, ಆದ್ರ ಜಾಕಿ ಎತ್ತೂದಕ್ಕಷ್ಟ. ಎತ್ತಿದ ಮ್ಯಾಲ ಭಾರ ತುಂಡಿನ ಮ್ಯಾಲ ಇರಬೇಕು.

ಬಿಗಿ ನಟ್ಟು ಗಾಲಿ ನೆಲದ ಮ್ಯಾಲ ಇದ್ದಾಗನ ತುಸು ಸಡಲ ಮಾಡ್ಕೋಬೇಕು. ಎತ್ತಿದ ಮ್ಯಾಲ ಪಾನಾ ಜಗ್ಗಿದ್ರ ಗಾಡಿನ ಹೊರಳ್ತದ.

ಇದೇನು ಹೊಸಾ ವಿದ್ಯಾ ಅಲ್ಲ. ನಮ್ಮ ಹಿರ್ಯಾರು ಬಂಡಿಗಿ ಕೀಲೆಣ್ಣಿ ಹಾಕೂವಾಗ ಮೊದಲ ಎತ್ತು ಬಿಚ್ಚಿ, ಆ ಕಡಿ ಗಾಲಿಗಿ ಕಲ್ಲು ಕೊಟ್ಟು, ಅಚ್ಚಿನ ಕೆಳಗ ಕಟಗಿ ಊರಿ, ಆಮ್ಯಾಲ ಕೀಲು ತೆಗಿತಿದ್ರು. ಅವರಿಗಿ ಮನಷ್ಯಾರ್ನ ಆಸರಕ್ಕ ನಿಂದ್ರಿಸೂ ಗರಜಿರಲಿಲ್ಲ.

ಹಂಗಾಗಿ "ತುಸು ಹಿಡ್ಕೋ ಬಾ" ಅಂತ ಕರದ್ರ ಹೋಗ್ರಿ, ಆದ್ರ ಮೊದಲ ಕೆಳಗ ಏನಿಟ್ಟಾರ ಬಗ್ಗಿ ನೋಡ್ರಿ. ಇಟ್ಟಂಗಿ ಇದ್ರ ಹಿಡಿಯಾಂಗಿಲ್ಲ ಅನ್ರಿ. ಕೂಸುಗಳನ್ನ ಒಳಗ ಕಳಸ್ರಿ. ಗಾಡಿ ಹೊರಳಿದ್ರ ಕೈ ಒಡ್ಡಬ್ಯಾಡ್ರಿ, ಬಿಟ್ಟು ಹಿಂದಕ ಸರೀರಿ. ಬಾಗಿದ ಹ್ಯಾಂಡಲ್ ಬಡದು ನೆಟ್ಟಗ ಮಾಡಬಹುದು, ಜಜ್ಜಿದ ಬಟ್ಟಿಲೆ ರೊಟ್ಟಿ ಬಡಿಯಾಕ ಬರಾಂಗಿಲ್ಲ.