ವಿಲಾಯತಿಯ ಹೊಸ್ತಿಲಲ್ಲಿ ನಮ್ಮ ಡಾಕ್ಟರು

ಹೋದ ತಿಂಗಳು ಒಂದು ಭಾನುವಾರ, ಸಂಘದ ವಾಚನಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಸುವ ಲೆಕ್ಕ ನೋಡುತ್ತ ಕುಳಿತಿದ್ದೆವು. ಧಾರವಾಡದ ಕಡೆಯ ಗೃಹಸ್ಥರೊಬ್ಬರು ಬಂದು ಎದುರಿಗೆ ಕುಳಿತರು. ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತಿನಲ್ಲಿ ಊರು ಬಿಟ್ಟವರಲ್ಲ. ಅವರ ಮಗಳು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದಿ, ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಮುಗಿಸಿದ್ದಾಳೆ. ಇಂಗ್ಲೆಂಡಿಗೆ ಹೋಗಬೇಕೆಂಬ ಹಂಬಲ. ಏಜೆಂಟನೊಬ್ಬ, ಪರೀಕ್ಷೆ ಪಾಸಾದರೆ ನೌಕರಿ ಕಿಸೆಯಲ್ಲಿ ಬಿದ್ದಂತೆಯೇ ಎಂದು ಹೇಳಿ ಆರು ಲಕ್ಷ ರೂಪಾಯಿ ಕೇಳಿದ್ದಾನಂತೆ. ನಿವೃತ್ತಿಯ ಹಣದ ಠೇವಣಿಯನ್ನು ಮುರಿಯಬೇಕೋ ಬೇಡವೋ ಎಂಬುದು ಅವರ ಚಿಂತೆ.

"ನಮ್ಮ ಸೋದರಮಾವ 1964ರಾಗ ಹಡಗ ಹತ್ತಿ ಹೋದ್ರು. ಹೋದ ತಿಂಗಳದಾಗ ದವಾಖಾನಿ ಕೆಲಸ ಸಿಕ್ಕಿತು. ಯಾವ ಪರೀಕ್ಷೆನೂ ಇರಲಿಲ್ಲ. ಈಗ ಯಾಕ್ರೀ ಇಷ್ಟೆಲ್ಲಾ?" ಎಂದರು.

ಅಂದು ನಾವು ಕೊಟ್ಟದ್ದು ಅರ್ಧ ಉತ್ತರ. ಇದೇ ಪ್ರಶ್ನೆ ನಮ್ಮ ಸದಸ್ಯರ ಎಷ್ಟೋ ಮನೆಗಳಲ್ಲಿ ಇರುವುದರಿಂದ ಉಳಿದರ್ಧವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಸೋದರಮಾವನವರು ಹೇಳಿದ್ದು ಸುಳ್ಳಲ್ಲ. ಆ ಕಾಲದಲ್ಲಿ ನಮ್ಮ ವೈದ್ಯಕೀಯ ಪದವಿಗೆ ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಮನ್ನಣೆಯಿತ್ತು. ಆದರೆ ಆ ಮನ್ನಣೆಯೆಂದೂ ಕಲ್ಲಿನ ಮೇಲೆ ಕೊರೆದ ಶಾಸನವಾಗಿರಲಿಲ್ಲ. 1930ರಲ್ಲಿಯೇ ಒಮ್ಮೆ ಅದನ್ನು ಹಿಂದಕ್ಕೆ ಪಡೆದಿದ್ದರು. ಹೆರಿಗೆ ಮಾಡಿಸುವುದರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸಾಕಷ್ಟು ತರಬೇತಿಯಿಲ್ಲವೆಂಬುದು ಮುಖ್ಯ ಆಕ್ಷೇಪ. ಓಣಿಗೊಬ್ಬ ಸೂಲಗಿತ್ತಿಯಿದ್ದ ನಾಡಿಗೆ ಈ ಮಾತು ಬಂದದ್ದು ವಿನೋದವೇ ಸರಿ! ಅದರ ಬೆನ್ನಿಗೆ 1933ರಲ್ಲಿ ಭಾರತಕ್ಕೆ ತನ್ನದೇ ಮೆಡಿಕಲ್ ಕೌನ್ಸಿಲ್ ಬೇಕೆಂಬ ಕಾನೂನಾಯಿತು. 1936ರಲ್ಲಿ ಮನ್ನಣೆ ತಿರುಗಿ ಬಂದಿತು. 1948ರಲ್ಲಿ ಬ್ರಿಟನ್ನಿನಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಆರಂಭವಾದ ಮೇಲೆ ಅಲ್ಲಿಯ ಆಸ್ಪತ್ರೆಗಳಿಗೆ ಕೈ ಸಾಲದಾಗಿ, ನಮ್ಮ ಡಾಕ್ಟರು ತಂಡತಂಡವಾಗಿ ಹೋದರು. 1975ರಲ್ಲಿ ಆ ಬಾಗಿಲು ಮತ್ತೆ ಮುಚ್ಚಿತು. ಭಾಷೆ ಮತ್ತು ವೃತ್ತಿಜ್ಞಾನ ಎರಡನ್ನೂ ಪರೀಕ್ಷಿಸಿಯೇ ಒಳಗೆ ಬಿಡುವ ಕ್ರಮ ಅದೇ ವರ್ಷ ಆರಂಭವಾಯಿತು. ಅದರ ಇಂದಿನ ಹೆಸರು ಪ್ಲ್ಯಾಬ್. ಹೀಗಾಗಿ, ಸೋದರಮಾವನವರ ಅನುಭವ ಹನ್ನೊಂದು ವರ್ಷಕ್ಕೇ ಹಳತಾಯಿತು.

ಈಗಿನ ಕ್ರಮ ಹೀಗಿದೆ. ಮೊದಲು ಇಂಗ್ಲಿಷು. ಐಇಎಲ್‌ಟಿಎಸ್ ಎಂಬ ಪರೀಕ್ಷೆಯಲ್ಲಿ ಒಟ್ಟು 7.5, ಓದು, ಬರಹ, ಮಾತು, ಕೇಳುವಿಕೆ ಪ್ರತಿಯೊಂದರಲ್ಲಿಯೂ 7ಕ್ಕೆ ಕಡಿಮೆಯಿಲ್ಲದಂತೆ ಬರಬೇಕು. ಇಲ್ಲವೆ ವೈದ್ಯರು, ದಾದಿಯರಿಗಾಗಿಯೇ ಮಾಡಿದ ಒಇಟಿಯಲ್ಲಿ ನಾಲ್ಕಕ್ಕೂ ಬಿ ಶ್ರೇಣಿ ಬರಬೇಕು. ಕಾನ್ವೆಂಟಿನಲ್ಲಿ ಓದಿದವರೂ ಬರಹದ ಭಾಗದಲ್ಲಿ ಎಡವಿದ್ದನ್ನು ಕಂಡಿದ್ದೇವೆ, ಉದಾಸೀನ ಬೇಡ. ಅನಂತರ ಪ್ಲ್ಯಾಬಿನ ಮೊದಲ ಭಾಗ: ಮೂರು ಗಂಟೆ, 180 ಪ್ರಶ್ನೆ. ಇದನ್ನು ನಮ್ಮ ದೇಶದಲ್ಲಿಯೇ ಬರೆಯಬಹುದು. ಎರಡನೆಯ ಭಾಗಕ್ಕೆ ಮಾತ್ರ ಮ್ಯಾಂಚೆಸ್ಟರಿಗೆ ಹೋಗಲೇಬೇಕು. ಶುಲ್ಕವೇ ಸುಮಾರು ಒಂದು ಲಕ್ಷ ರೂಪಾಯಿ. ವಿಮಾನ, ವೀಸಾ, ವಸತಿಯ ಖರ್ಚು ಬೇರೆ. ಮೊದಲ ಭಾಗ ಪಾಸಾದ ಎರಡು ವರ್ಷದೊಳಗೆ ಇದನ್ನೂ ಮುಗಿಸಬೇಕು.

ಈ ಎರಡನೆಯ ಭಾಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಹದಿನಾರು ಸಣ್ಣ ಪ್ರಸಂಗಗಳು, ಒಂದೊಂದಕ್ಕೆ ಎಂಟು ನಿಮಿಷ. ರೋಗಿಯ ವೇಷದಲ್ಲಿ ನಟರು ಕುಳಿತಿರುತ್ತಾರೆ. ನಮ್ಮ ಸದಸ್ಯರೊಬ್ಬರ ಮಗ ಇದರಲ್ಲಿ ಮೊದಲ ಸಲ ನಪಾಸಾಗಿ, ಎರಡನೆಯ ಸಲ ಗೆದ್ದ. "ಮೊದಲ ಸಲ ರೋಗವನ್ನೆಲ್ಲ ಸರಿಯಾಗಿಯೇ ಗುರುತಿಸಿದ್ದೆ. ಎದುರಿಗೆ ಕೂತಿದ್ದವನನ್ನೇ ಸರಿಯಾಗಿ ನೋಡಲಿಲ್ಲ" ಎಂದು ಅವನು ಹೇಳಿದ್ದು ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಹುಡುಗನ ತಪ್ಪೇನು? ಬೆಳಗಿನ ಹೊರರೋಗಿ ವಿಭಾಗದಲ್ಲಿ ನೂರು ಜನರ ಸಾಲು ನೋಡಿ ಕಲಿತವನು ಅವನು. ಅಲ್ಲಿ ಡಾಕ್ಟರು ಕೇಳುತ್ತಾರೆ, ರೋಗಿ ಹೇಳುತ್ತಾನೆ, ಚೀಟಿ ಕೈಗೆ ಬರುತ್ತದೆ. ಇಲ್ಲಿಯಾದರೋ, ನಿಮಗೆ ಏನಾಗಿರಬಹುದೆಂದು ನಿಮಗನ್ನಿಸುತ್ತದೆ, ಯಾವುದರ ಭಯವಿದೆ, ನನ್ನಿಂದ ಏನನ್ನು ಬಯಸಿ ಬಂದಿರಿ ಎಂದು ಕೇಳಬೇಕು. ಔಷಧಿಯ ಗುಣದೋಷ ಹೇಳಿ ಒಪ್ಪಿಗೆ ಪಡೆಯಬೇಕು. ಎಲ್ಲಕ್ಕಿಂತ ಕಷ್ಟದ್ದು ಗುಟ್ಟಿನ ಪಾಠ. ನಮ್ಮಲ್ಲಿ ಮುದುಕಿಗೆ ಕ್ಯಾನ್ಸರ್ ಎಂದರೆ ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳುವುದು, ಮಗ ತಾಯಿಗೆ "ಗ್ಯಾಸ್ಟ್ರಿಕ್ ಅಷ್ಟೇ" ಎನ್ನುವುದು ರೂಢಿ. ಅಲ್ಲಿ ಹೇಳಬೇಕಾದ್ದು ಮುದುಕಿಗೇ. ಆಕೆಯ ಅನುಮತಿಯಿಲ್ಲದೆ ಮಗನಿಗೆ ಹೇಳುವಂತಿಲ್ಲ. ಇದರಲ್ಲಿ ಯಾವುದು ಮೇಲು ಎಂಬ ಚರ್ಚೆ ಇಲ್ಲಿ ಬೇಡ. ಆದರೆ ತಾಯಿಯಿಂದ ಮುಚ್ಚಿಟ್ಟ ಮಕ್ಕಳಲ್ಲಿ ನಾವೂ ಒಬ್ಬರಾದ್ದರಿಂದ, ಈ ಮಾತು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು.

ಪರೀಕ್ಷೆಗಳಾದ ಮೇಲೆ ಪದವಿಯ ಸಾಚಾತನದ ತಪಾಸಣೆ, ಕೌನ್ಸಿಲ್ಲಿನಲ್ಲಿ ನೋಂದಣಿ. ಎಂ.ಡಿ. ಮಾಡಿದವರು ಎಂ.ಆರ್.ಸಿ.ಪಿ.ಯಂಥ ಅಲ್ಲಿಯ ಉನ್ನತ ಪರೀಕ್ಷೆಯನ್ನು ಪೂರ್ಣ ಮುಗಿಸಿದರೆ ಪ್ಲ್ಯಾಬ್ ಬೇಕಿಲ್ಲ.

ಏಜೆಂಟನ ಮಾತು ತಪ್ಪುವುದು ಇಲ್ಲಿಯೇ. ನೋಂದಣಿಯೆಂದರೆ ವೈದ್ಯ ಮಾಡಲು ಪರವಾನಗಿ, ನೌಕರಿಯಲ್ಲ. ನೌಕರಿಗೆ ಬೇರೆ ಅರ್ಜಿ, ಬೇರೆ ಸಂದರ್ಶನ. ಈಚಿನ ವರ್ಷಗಳಲ್ಲಿ ಒಂದೊಂದು ಹುದ್ದೆಗೆ ನೂರಾರು ಅರ್ಜಿಗಳು ಬೀಳುತ್ತಿವೆ. ಪ್ಲ್ಯಾಬ್ ಪಾಸಾಗಿಯೂ ತಿಂಗಳುಗಟ್ಟಲೆ ಖಾಲಿ ಕುಳಿತವರಿದ್ದಾರೆ. ತರಬೇತಿ ಹುದ್ದೆಗಳಲ್ಲಿ ತಮ್ಮ ದೇಶದಲ್ಲಿ ಕಲಿತವರಿಗೇ ಮೊದಲ ಪ್ರಾಶಸ್ತ್ಯವೆಂದು ಅಲ್ಲಿಯ ಸರ್ಕಾರ 2025ರಲ್ಲಿ ಸಾರಿತು. ಪರೀಕ್ಷೆಯ ಅರ್ಜಿಯನ್ನಾದರೋ ಹುಡುಗಿ ತಾನೇ ಕೌನ್ಸಿಲ್ಲಿಗೆ ತುಂಬಬಹುದು; ಅದಕ್ಕೆ ಆರು ಲಕ್ಷದ ಮಧ್ಯಸ್ಥನ ಅಗತ್ಯ ನಮಗೆ ಕಾಣದು.

ದಾದಿಯರ ಹಾದಿ ಇದಕ್ಕಿಂತ ಸ್ವಲ್ಪ ಸುಗಮ. ಇಂಗ್ಲಿಷು ಮತ್ತು ಕಂಪ್ಯೂಟರಿನ ಪರೀಕ್ಷೆಯನ್ನು ಇಲ್ಲಿಯೇ ಮುಗಿಸಿದ ಮೇಲೆ, ಸಾಮಾನ್ಯವಾಗಿ ಆಸ್ಪತ್ರೆಯವರೇ ಕರೆಸಿಕೊಂಡು, ಪ್ರಾಯೋಗಿಕ ಪರೀಕ್ಷೆ ಅಲ್ಲಿ ಆಗುತ್ತದೆ. ನೌಕರಿ ಕೊಡಿಸುವುದಕ್ಕಾಗಿ ಅಭ್ಯರ್ಥಿಯಿಂದ ಹಣ ಪಡೆಯಬಾರದೆಂದು ಬ್ರಿಟಿಷ್ ಸರ್ಕಾರದ ನಿಯಮಸಂಹಿತೆಯೇ ಹೇಳುತ್ತದೆ. ಹಣ ಕೇಳುವವರಿಗೆ ಇದನ್ನು ತೋರಿಸಿರಿ. ಅಮೆರಿಕೆಯ ಮಾತು ಬೇರೆ: ಇಲ್ಲಿ ಇಪ್ಪತ್ತು ವರ್ಷ ಕತ್ತರಿ ಹಿಡಿದ ಶಸ್ತ್ರವೈದ್ಯನೂ ಬಹುಮಟ್ಟಿಗೆ ಅಲ್ಲಿ ಹೊಸಬರೊಡನೆ ರೆಸಿಡೆನ್ಸಿಗೆ ಕೂಡಬೇಕು.

ಇಷ್ಟಕ್ಕೂ ಹೊರಗಿನವರನ್ನೇ ದೂರುವಂತಿಲ್ಲ. ರಷ್ಯ, ಚೀನ, ಉಕ್ರೇನುಗಳಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ನಾವೂ 2002ರಿಂದ ಪರೀಕ್ಷೆಯ ಬಾಗಿಲಿಟ್ಟಿದ್ದೇವೆ: 300 ಪ್ರಶ್ನೆ, 150 ಅಂಕ ಬರಲೇಬೇಕು. ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪ್ರತಿ ಸಲ ಹೊರಗೇ ಉಳಿಯುವುದು ವಾಡಿಕೆಯಾಗಿದೆ. ಅಲ್ಲಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಕಾಲೇಜಿನ ಫೀಯೊಂದನ್ನೇ ಕೇಳಿ, ಮರಳಿ ಬರುವ ಬಾಗಿಲಿನ ಮಾತು ಕೇಳದಿರುವುದನ್ನು ನಾವು ಹಲವು ಸಲ ಕಂಡಿದ್ದೇವೆ.

ಈ ಬರಹ ಅಚ್ಚಿಗೆ ಹೋಗುವ ಮುನ್ನ ಆ ಗೃಹಸ್ಥರು ಮತ್ತೆ ಬಂದಿದ್ದರು. ಠೇವಣಿ ಮುರಿದಿಲ್ಲ. ಮಗಳು ಹುಬ್ಬಳ್ಳಿಯ ಕಡೆ ಒಂದು ಆಸ್ಪತ್ರೆಗೆ ಸೇರಿ, ತನ್ನ ಸಂಬಳದಲ್ಲಿಯೇ ಇಂಗ್ಲಿಷ್ ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ರಜೆಗೆ ಮನೆಗೆ ಬಂದಾಗ ತಂದೆಯನ್ನೇ ರೋಗಿಯನ್ನಾಗಿ ಕೂರಿಸಿಕೊಂಡು ಅಭ್ಯಾಸ ನಡೆಸಿದ್ದಾಳಂತೆ.

"ಎಂಟು ನಿಮಿಷಕ್ಕ ಗಡಿಯಾರ ಇಟ್ಟಿದ್ಲು," ಎಂದರು. "ನನ್ನ ಮೊಣಕಾಲ ನೋವಿನ ಕಥಿ ಸುರು ಆಗೂದ್ರಾಗ ಗಂಟಿ ಹೊಡೀತ್ರೀ!"